ಸಂಪಾದಕರ ಉತ್ತರ: ನಿಮ್ಮ ಬ್ರಾಕೆಟ್ ಯಾರಿಗೆ ಬೇಕು?

ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಮಷಿನ್ ಶಾಪ್ ನಡೆಸುವ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ರಕ್ಷಣಾ ಕ್ಷೇತ್ರದ ಮೇಲೆ ಬೇರೆ ದೇಶದ ಸರ್ಕಾರಗಳೇ ಮಾಡಿಸುವ ಸೈಬರ್ ದಾಳಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದೋಕೇನೋ ಚೆನ್ನಾಗಿತ್ತು. ಆದರೆ ಅದು ಸೈನ್ಯದವರ, ದೊಡ್ಡ ಕಂಪನಿಯವರ ತಲೆನೋವು ಅಲ್ವಾ? ನನ್ನ ಹತ್ರ ಇರೋದು ನಾಲ್ಕು ಸಿಎನ್‌ಸಿ ಮಷಿನ್. ವಿಮಾನದ ಭಾಗ ಮಾಡುವ ಒಂದು ಕಂಪನಿಗೆ ಅಲ್ಯೂಮಿನಿಯಂ ಬ್ರಾಕೆಟ್ ಜಾಬ್ ವರ್ಕ್ ಮಾಡಿಕೊಡ್ತೀನಿ. ಈಗ ಅವರು ನೂರಕ್ಕೂ ಜಾಸ್ತಿ ಪ್ರಶ್ನೆ ಇರುವ ಫಾರಂ ಕಳಿಸಿ, ಸೈಬರ್ ಸೆಕ್ಯುರಿಟಿ ಇದೆಯಾ ಅಂತಿದ್ದಾರೆ. ನನ್ನ ಬ್ರಾಕೆಟ್ ಕದ್ದು ಯಾರಿಗೆ ಏನಾಗಬೇಕು ಸಾರ್? ಅದೇ ಲೇಖನದಲ್ಲಿ ಕರೆಂಟು, ನೀರು ಎಲ್ಲ ಸೇರಿಸಿದ್ದೀರಿ. ಅದಕ್ಕೂ ಸೈನ್ಯಕ್ಕೂ ಏನು ಸಂಬಂಧ? ನನಗನ್ನಿಸೋ ಪ್ರಕಾರ ಇದೆಲ್ಲ ಸಾಫ್ಟ್‌ವೇರ್ ಮಾರೋರು ಹೆದರಿಸಿ ಮಾಡುವ ವ್ಯಾಪಾರ. ಫಾರಂನಲ್ಲಿ ಎಲ್ಲದಕ್ಕೂ ಹೌದು ಅಂತ ಟಿಕ್ ಹಾಕಿ ಕಳಿಸಿಬಿಡಲಾ?"

ನಮಸ್ಕಾರ. ಸದ್ಯಕ್ಕೆ ಟಿಕ್ ಹಾಕಬೇಡಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬ್ರಾಕೆಟ್ ಕಥೆ ಮುಗಿಸೋಣ.

ಆಸ್ಟ್ರೇಲಿಯಾದಲ್ಲಿ ನಿಮ್ಮ ಥರದ್ದೇ ಒಂದು ಕಂಪನಿ ಇತ್ತು. ನಿಮಗಿಂತ ಸ್ವಲ್ಪ ದೊಡ್ಡದು, ಸುಮಾರು 50 ಜನ. ವಿಮಾನಕ್ಕೆ ಸಂಬಂಧಿಸಿದ ಕೆಲಸ. ನೇರವಾಗಿ ಸೈನ್ಯಕ್ಕಲ್ಲ, ಗುತ್ತಿಗೆದಾರನ ಗುತ್ತಿಗೆದಾರನ ಕೆಳಗೆ ಇನ್ನೂ ಒಂದು ಮೆಟ್ಟಿಲು ಕೆಳಗಿನವರು. ಕಂಪ್ಯೂಟರ್ ನೋಡಿಕೊಳ್ಳೋಕೆ ಇದ್ದದ್ದು ಒಬ್ಬನೇ ಮನುಷ್ಯ, ಅವನೂ ಸೇರಿ ವರ್ಷ ಆಗಿರಲಿಲ್ಲ. 2016ರ ಜುಲೈ ಹೊತ್ತಿಗೆ ಇವರ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿದರು. ಗೊತ್ತಾಗಿದ್ದು ನವೆಂಬರ್‌ನಲ್ಲಿ, ಅದೂ ಸರ್ಕಾರದ ಸೈಬರ್ ಸಂಸ್ಥೆಯವರು ಹೇಳಿದ ಮೇಲೆ. ನುಗ್ಗಿದ ದಾರಿ ಏನು ಮಹಾ ಜಾಣತನದ್ದಲ್ಲ. ಹೆಲ್ಪ್‌ಡೆಸ್ಕ್ ಸಾಫ್ಟ್‌ವೇರ್‌ನಲ್ಲಿ ಒಂದು ಹಳೇ ತೂತು ಇತ್ತು, ಅದನ್ನು ಮುಚ್ಚುವ ಅಪ್‌ಡೇಟ್ ಬಂದು ವರ್ಷವೇ ಆಗಿದ್ದರೂ ಯಾರೂ ಹಾಕಿರಲಿಲ್ಲ. ಅದೂ ಸಾಲದು ಎಂಬಂತೆ, ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಕೆಲವು ಪೇಜ್‌ಗಳಿಗೆ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಇನ್ನೊಂದಕ್ಕೆ ಗೆಸ್ಟ್, ಗೆಸ್ಟ್.

ಹೋಗಿದ್ದೇನು ಗೊತ್ತಾ? ಸುಮಾರು 30 ಜಿಬಿ ಫೈಲ್. ಎಫ್-35 ಯುದ್ಧವಿಮಾನ, ಪಿ-8 ಕಣ್ಗಾವಲು ವಿಮಾನ, ಸಿ-130 ಸಾಗಣೆ ವಿಮಾನ, ಬಾಂಬಿಗೆ ಕೂರಿಸುವ ಗೈಡೆನ್ಸ್ ಕಿಟ್, ಕೆಲವು ನೌಕಾಪಡೆ ಹಡಗು, ಇವುಗಳ ಮಾಹಿತಿ. ಒಂದು ಹಡಗಿನ ಡ್ರಾಯಿಂಗ್ ಎಷ್ಟು ವಿವರವಾಗಿತ್ತು ಅಂದರೆ, ಜೂಮ್ ಮಾಡಿದರೆ ಕ್ಯಾಪ್ಟನ್ ಕುರ್ಚಿಗೂ ಪಕ್ಕದ ಕುರ್ಚಿಗೂ ಎಷ್ಟು ಅಂತರ ಎಂದು ಅಳೆಯಬಹುದಿತ್ತು. 2017ರ ಅಕ್ಟೋಬರ್‌ನಲ್ಲಿ ಇದು ಹೊರಗೆ ಬಂದಾಗ ಅಲ್ಲಿನ ಸರ್ಕಾರ, ಇದರಲ್ಲಿ ರಹಸ್ಯ ದರ್ಜೆಯದ್ದು ಏನೂ ಇಲ್ಲ, ವ್ಯಾಪಾರಕ್ಕೆ ಸಂಬಂಧಿಸಿದ್ದು ಅಷ್ಟೇ ಎಂದಿತು. ಮಾಡಿದ್ದು ಯಾವುದಾದರೂ ದೇಶವೋ ಬರೀ ಕಳ್ಳರೋ ಅಂತಲೂ ಹೇಳಲಿಲ್ಲ. ತನಿಖೆ ಮಾಡಿದವರು ಅಲ್ಲಿನ ಟಿವಿ ಧಾರಾವಾಹಿಯ ಪಾತ್ರವೊಂದರ ಹೆಸರಿಂದ ಈ ಕಳ್ಳರಿಗೆ 'ಆಲ್ಫ್' ಅಂತ ಅಡ್ಡಹೆಸರು ಇಟ್ಟು ಸುಮ್ಮನಾದರು.

50 ಜನರ ಕಂಪನಿಯಲ್ಲಿ ಎಫ್-35 ಮಾಹಿತಿ ಯಾಕಿತ್ತು? ನಿಮ್ಮ ಶಾಪ್‌ನಲ್ಲಿ ಡ್ರಾಯಿಂಗ್ ಇರುವ ಕಾರಣಕ್ಕೇ. ಡ್ರಾಯಿಂಗ್ ಇಲ್ಲದೆ ಕೆಲಸ ನಡೆಯಲ್ಲ. ಬ್ರಾಕೆಟ್ ಎಲ್ಲಿ ಕೂರುತ್ತೆ, ಯಾವ ಗ್ರೇಡ್ ಅಲ್ಯೂಮಿನಿಯಂ, ಎಷ್ಟು ಟಾಲರೆನ್ಸ್, ತಿಂಗಳಿಗೆ ಎಷ್ಟು ಸೆಟ್ ಬೇಕು, ಯಾವಾಗ ಡೆಲಿವರಿ, ಇನ್‌ಸ್ಪೆಕ್ಷನ್‌ನಲ್ಲಿ ಎಷ್ಟು ರಿಜೆಕ್ಟ್ ಆಯಿತು. ಇದೆಲ್ಲ ನಿಮಗೆ ದಿನನಿತ್ಯದ ಪೇಪರ್. ಹತ್ತು ಶಾಪ್‌ಗಳ ಇಂಥ ಪೇಪರ್ ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂತವನಿಗೆ, ಯಾವ ವಿಮಾನ ಎಷ್ಟು ತಯಾರಾಗ್ತಿದೆ, ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ ಸಿಗುತ್ತೆ. ಎಚ್‌ಎಎಲ್, ಬಿಇಎಲ್, ಡಿಆರ್‌ಡಿಒ ಲ್ಯಾಬ್‌ಗಳು ಇರುವ ಬೆಂಗಳೂರಿನಲ್ಲಿ ಅಂಥ ಹತ್ತು ಶಾಪ್ ಹುಡುಕೋಕೆ ಎಷ್ಟು ಹೊತ್ತು ಬೇಕು ಹೇಳಿ.

ಆಲ್ಫ್ ಯಾರ ಕಡೆಯವನೋ ಗೊತ್ತಾಗಲಿಲ್ಲ, ಸರಿ. ಯಾರ ಕಡೆಯವರು ಎಂದು ಕೋರ್ಟ್‌ನಲ್ಲೇ ಬಯಲಾದ ಕೇಸ್ ಕೂಡ ಇದೆ. ಸು ಬಿನ್ ಎಂಬ ಚೀನಾದ ವ್ಯಾಪಾರಿ ಕೆನಡಾದಲ್ಲಿದ್ದ. ವಿಮಾನ ಉದ್ಯಮದ ಒಳಹೊರಗು ಬಲ್ಲವನು. 2008ರಿಂದ 2014ರವರೆಗೆ ಇವನು ಚೀನಾದಲ್ಲಿದ್ದ ಇಬ್ಬರ ಜೊತೆ ಸೇರಿ ಅಮೆರಿಕದ ರಕ್ಷಣಾ ಕಂಪನಿಗಳ ಫೈಲ್ ಕದಿಸಿದ. ಅಮೆರಿಕದ ತನಿಖಾಧಿಕಾರಿಗಳ ಪ್ರಕಾರ ಆ ಇಬ್ಬರು ಚೀನಾ ಸೈನ್ಯದ ಕಡೆಯವರು. ಸು ಬಿನ್ ಕಂಪ್ಯೂಟರ್ ಮುರಿಯುವವನಲ್ಲ. ಯಾರ ಇ-ಮೇಲ್ ಒಳಗೆ ನುಗ್ಗಬೇಕು, ಸಿಕ್ಕ ಸಾವಿರಾರು ಫೈಲ್‌ಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಗುರುತು ಹಾಕಿಕೊಡುವುದು ಅವನ ಕೆಲಸ. ಬೋಯಿಂಗ್‌ನ ಸಿ-17 ಸಾಗಣೆ ವಿಮಾನ ಒಂದರದ್ದೇ 6,30,000 ಫೈಲ್ ಸಿಕ್ಕವು ಅಂತ ಕದ್ದವರೇ ತಮ್ಮ ಮೇಲಿನವರಿಗೆ ವರದಿ ಬರೆದಿದ್ದರು. (ನಮ್ಮ ವಾಯುಪಡೆಯಲ್ಲೂ ಇದೇ ಸಿ-17 ಇವೆ, 11.) 2016ರಲ್ಲಿ ಸು ಬಿನ್ ತಪ್ಪೊಪ್ಪಿಕೊಂಡ, 46 ತಿಂಗಳು ಜೈಲಾಯಿತು. ಇಷ್ಟು ದೊಡ್ಡ ಕಳ್ಳತನಕ್ಕೆ ನಾಲ್ಕು ವರ್ಷವೂ ಇಲ್ಲ, ನೋಡಿ.

ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಚಿಂತೆಯದ್ದು. ನಿಮ್ಮಲ್ಲಿ ಕದಿಯುವಂಥದ್ದು ಏನೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ನಿಮ್ಮ ಮೇಲ್ ಐಡಿಯಿಂದ ಹೋದ ಇನ್‌ವಾಯ್ಸನ್ನು ಆ ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದವರು ಯೋಚನೆ ಮಾಡದೆ ತೆರೆಯುತ್ತಾರೆ. ಗೊತ್ತಿರುವ ವೆಂಡರ್, ತೆರೆಯದೆ ಏನು ಮಾಡ್ತಾರೆ? 2011ರಲ್ಲಿ ನಡೆದದ್ದು ಇದಕ್ಕೆ ಹತ್ತಿರದ್ದು. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರು ಲಾಗಿನ್ ಆಗೋಕೆ ಆರ್‌ಎಸ್‌ಎ ಎಂಬ ಇನ್ನೊಂದು ಕಂಪನಿಯ ಚಿಕ್ಕ ಟೋಕನ್ ಬಳಸುತ್ತಿದ್ದರು, ನಿಮಿಷಕ್ಕೊಮ್ಮೆ ನಂಬರ್ ಬದಲಾಗುತ್ತಲ್ಲ, ಅಂಥದ್ದು. ಕಳ್ಳರು ಮೊದಲು ಹೋಗಿದ್ದು ಆರ್‌ಎಸ್‌ಎಗೆ. ಅಲ್ಲಿನ ಒಂದಷ್ಟು ಸಾಮಾನ್ಯ ನೌಕರರಿಗೆ '2011ರ ನೇಮಕಾತಿ ಯೋಜನೆ' ಅಂತ ಒಂದು ಎಕ್ಸೆಲ್ ಫೈಲ್ ಮೇಲ್‌ನಲ್ಲಿ ಬಂತು. ಮೇಲ್ ಸಿಸ್ಟಂ ಅದನ್ನು ಸರಿಯಾಗಿಯೇ ಜಂಕ್ ಫೋಲ್ಡರಿಗೆ ಹಾಕಿತ್ತು! ಒಬ್ಬರು ಅದನ್ನು ಜಂಕ್‌ನಿಂದ ತೆಗೆದು, ತೆರೆದು ನೋಡಿದರು. ಅಷ್ಟೇ. ಟೋಕನ್‌ಗಳ ಒಳಗುಟ್ಟು ಹೋಯಿತು, ಮೇ ತಿಂಗಳಲ್ಲಿ ಲಾಕ್‌ಹೀಡ್ ಬಾಗಿಲಿಗೇ ಬಂದರು. ಬೇಗ ಹಿಡಿದೆವು, ಏನೂ ಹೋಗಲಿಲ್ಲ ಎಂದು ಲಾಕ್‌ಹೀಡ್ ಹೇಳಿತು. ಟೋಕನ್ ಬದಲಿಸಿಕೊಡುವುದೂ ಸೇರಿ ಆರ್‌ಎಸ್‌ಎ ಮಾತೃಸಂಸ್ಥೆಗೆ 6.6 ಕೋಟಿ ಡಾಲರ್ ಖರ್ಚು ಬಿತ್ತು. ಹಿಂದೆ ಇದ್ದದ್ದು ಚೀನಾ ಅಂತ ಮರುವರ್ಷ ಅಮೆರಿಕದ ಗೂಢಚರ ಸಂಸ್ಥೆ ಎನ್‌ಎಸ್‌ಎ ಮುಖ್ಯಸ್ಥರು ಸೆನೆಟ್ ಸಮಿತಿ ಮುಂದೆ ಹೇಳಿದರು.

ಹಾಗಾಗಿ ಬ್ರಾಕೆಟ್ ಯಾರಿಗೂ ಬೇಡ ಎನ್ನುವ ನಿಮ್ಮ ಮಾತು ಪೂರ್ತಿ ಸರಿ. ಅವರಿಗೆ ಬೇಕಾದದ್ದು ಅದರ ಡ್ರಾಯಿಂಗು, ಮತ್ತೆ ನಿಮ್ಮ ಮೇಲ್ ಐಡಿಗೆ ಇರುವ ಮರ್ಯಾದೆ.

ಈಗ ಕರೆಂಟು, ನೀರು. ಇಲ್ಲಿ ನಿಮ್ಮ ಆಕ್ಷೇಪ ನನಗೆ ಅರ್ಥ ಆಗುತ್ತೆ. ರಕ್ಷಣೆ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕಾಂಪೌಂಡು, ಗೇಟು, ಬಂದೂಕು ಹಿಡಿದ ಸೈನಿಕ. ಆದರೆ ಕಾಂಪೌಂಡ್ ಒಳಗಿನ ಟ್ಯೂಬ್‌ಲೈಟಿಗೆ ಕರೆಂಟ್ ಬರೋದು ಹೊರಗಿನ ಸಬ್‌ಸ್ಟೇಷನ್‌ನಿಂದ ತಾನೇ?

ಗುವಾಮ್ ನೋಡಿ. ಪೆಸಿಫಿಕ್ ಸಾಗರದಲ್ಲಿರುವ ಅಮೆರಿಕದ ಪುಟ್ಟ ದ್ವೀಪ. ಆಂಡರ್ಸನ್ ವಾಯುನೆಲೆ, ಒಂದು ನೌಕಾನೆಲೆ ಅಲ್ಲಿವೆ. ತೈವಾನ್ ವಿಚಾರಕ್ಕೆ ನಾಳೆ ಏನಾದರೂ ಆದರೆ ಅಮೆರಿಕದ ವಿಮಾನ, ಹಡಗುಗಳು ಓಡಾಡಬೇಕಾದ್ದು ಇಲ್ಲಿಂದಲೇ. 2023ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರದ ಸಂಸ್ಥೆಗಳು ಒಟ್ಟಿಗೆ ಒಂದು ಎಚ್ಚರಿಕೆ ಕೊಟ್ಟವು. ಚೀನಾ ಸರ್ಕಾರದ ಬೆಂಬಲ ಇರುವ ಒಂದು ಗುಂಪು ಗುವಾಮ್‌ನಲ್ಲೂ ಅಮೆರಿಕದ ಬೇರೆ ಕಡೆಗಳಲ್ಲೂ ಸಂಪರ್ಕ, ವಿದ್ಯುತ್, ಸಾರಿಗೆಯಂಥ ಸೇವೆಗಳ ಕಂಪ್ಯೂಟರ್ ಒಳಗೆ ಸೇರಿಕೊಂಡಿದೆ ಅಂತ. ಗುಂಪಿಗೆ ಇಟ್ಟ ಹೆಸರು ವೋಲ್ಟ್ ಟೈಫೂನ್. 2024ರ ಫೆಬ್ರವರಿಯಲ್ಲಿ ಬಂದ ಎರಡನೇ ಎಚ್ಚರಿಕೆ ಇನ್ನೂ ಜೋರಾಗಿತ್ತು: ಕೆಲವು ಕಡೆ ಇವರು ಕನಿಷ್ಠ 5 ವರ್ಷದಿಂದ ಒಳಗೇ ಇದ್ದಾರೆ, ಯುದ್ಧದಂಥ ಪರಿಸ್ಥಿತಿ ಬಂದಾಗ ಸೇವೆ ನಿಲ್ಲಿಸೋಕೆ ಮೊದಲೇ ಜಾಗ ಹಿಡಿದುಕೊಂಡು ಕೂತಿದ್ದಾರೆ.

5 ವರ್ಷ ಗೊತ್ತಾಗದೆ ಹೇಗಿದ್ದರು? ವೈರಸ್ ಏನನ್ನೂ ಹೆಚ್ಚಾಗಿ ತರಲೇ ಇಲ್ಲ. ವಿಂಡೋಸ್‌ನಲ್ಲೇ ಬರುವ, ಅಲ್ಲಿನ ಸಿಸ್ಟಂ ಅಡ್ಮಿನ್ ದಿನಾ ಬಳಸುವ ಕಮಾಂಡುಗಳನ್ನೇ ಬಳಸಿದರು. ಮನೆಯ ಬೀಗದ ಕೈ ಗೊಂಚಲನ್ನೇ ಎತ್ತಿಕೊಂಡು ಓಡಾಡುವವನನ್ನು ಕಳ್ಳ ಅಂತ ಹೇಗೆ ಗುರುತಿಸ್ತೀರಿ? ಆಂಟಿವೈರಸ್‌ಗೆ ಕೂಗೋಕೆ ಕಾರಣವೇ ಸಿಗಲಿಲ್ಲ. ಇನ್ನು ಹೊರಗಿನಿಂದ ಬರುವಾಗ ನೇರವಾಗಿ ಬರುತ್ತಿರಲಿಲ್ಲ. ಅಮೆರಿಕದ ಸಣ್ಣ ಆಫೀಸು, ಮನೆಗಳಲ್ಲಿದ್ದ ಹಳೇ ರೌಟರ್‌ಗಳನ್ನು ವಶ ಮಾಡಿಕೊಂಡು, ಅವುಗಳ ಮೂಲಕ ಬರುತ್ತಿದ್ದರು. ಸಿಸ್ಕೊ, ನೆಟ್‌ಗಿಯರ್ ಕಂಪನಿಗಳ ಅಪ್‌ಡೇಟ್ ನಿಂತುಹೋದ ಮಾಡೆಲ್‌ಗಳೇ ಜಾಸ್ತಿ. ನೋಡಿದವರಿಗೆ ಪಕ್ಕದ ಬೀದಿಯ ಯಾರೋ ಇಂಟರ್ನೆಟ್ ಬಳಸಿದ ಹಾಗೆ ಕಾಣುತ್ತಿತ್ತು. ಕೊನೆಗೆ ಎಫ್‌ಬಿಐ ಕೋರ್ಟಿನ ಅನುಮತಿ ಪಡೆದು ಆ ರೌಟರ್‌ಗಳಲ್ಲಿದ್ದ ಕಳ್ಳ ಪ್ರೋಗ್ರಾಂ ಅಳಿಸಿಹಾಕಬೇಕಾಯಿತು.

ಇವರು ಹೊಕ್ಕ ಜಾಗಗಳಲ್ಲಿ ಮ್ಯಾಸಚೂಸೆಟ್ಸ್‌ನ ಲಿಟಲ್‌ಟನ್ ಎಂಬ ಸಣ್ಣ ಊರಿನ ಕರೆಂಟು-ನೀರಿನ ಆಫೀಸೂ ಒಂದು. 300 ದಿನಕ್ಕೂ ಜಾಸ್ತಿ ಒಳಗಿದ್ದರು. ಅಲ್ಲಿ ಸೈನ್ಯದ ನೆಲೆ ಇದೆ ಅಂತಲ್ಲ. ಇಂಥ ಸಣ್ಣ ಆಫೀಸಿನಲ್ಲಿ ಗ್ರಿಡ್‌ನ ನಕ್ಷೆ, ಕೆಲಸದ ಕ್ರಮ ನೋಡಿ ಕಲಿತುಕೊಂಡರೆ ಬೇರೆ ಕಡೆಗೂ ಉಪಯೋಗಕ್ಕೆ ಬರುತ್ತೆ.

ಇವೆಲ್ಲ ಕಾದು ಕೂತ ಕಥೆ. ಕೈ ಮಾಡಿದ ಕಥೆಯೂ ಇದೆ. 2022ರ ಫೆಬ್ರವರಿ 24, ರಷ್ಯಾ ಯುಕ್ರೇನ್ ಮೇಲೆ ನುಗ್ಗಿದ ದಿನ. ಸೈನ್ಯ ಗಡಿ ದಾಟುವುದಕ್ಕೆ ಸ್ವಲ್ಪ ಮುಂಚೆ ವಯಾಸ್ಯಾಟ್ ಎಂಬ ಕಂಪನಿಯ ಉಪಗ್ರಹ ಇಂಟರ್ನೆಟ್ ಸತ್ತಿತು. ಯುಕ್ರೇನ್ ಸೈನ್ಯ ಅದನ್ನು ಬಳಸುತ್ತಿತ್ತು. ದಾಳಿಕೋರರು ಉಪಗ್ರಹವನ್ನು ಮುಟ್ಟಲೇ ಇಲ್ಲ. ನೆಲದ ಮೇಲಿನ ಜಾಲಕ್ಕೆ ಸರಿಯಾಗಿ ಸೆಟ್ ಮಾಡದ ಒಂದು ವಿಪಿಎನ್ (ದೂರದಿಂದ ಒಳಜಾಲಕ್ಕೆ ಬರುವ ಬಾಗಿಲು) ಮೂಲಕ ಬಂದು, ಮೋಡೆಮ್‌ಗಳನ್ನು ನೋಡಿಕೊಳ್ಳುವ ಕಂಪ್ಯೂಟರ್ ತಲುಪಿ, ಅಲ್ಲಿಂದ ಸಾವಿರಾರು ಮೋಡೆಮ್‌ಗಳ ಮೆಮೊರಿ ಅಳಿಸಿಹಾಕಿದರು. ಮೋಡೆಮ್ ಬರೀ ಡಬ್ಬ ಆಯಿತು. ಯುಕ್ರೇನ್‌ಗೆ ಅಂತ ಎಸೆದ ಕಲ್ಲು ಜರ್ಮನಿಗೂ ಬಿತ್ತು: ಅಲ್ಲಿ 5,800 ಗಾಳಿ ಟರ್ಬೈನ್‌ಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕ ಹೋಯಿತು. ಟರ್ಬೈನ್ ತಿರುಗುತ್ತಲೇ ಇದ್ದವು, ಆದರೆ ಆಫೀಸಿನಲ್ಲಿ ಕೂತವರಿಗೆ ಕಾಣುತ್ತಿರಲಿಲ್ಲ. ಕಂಪನಿ ಸುಮಾರು 30,000 ಮೋಡೆಮ್ ಬದಲಿ ಕಳಿಸಬೇಕಾಯಿತು. ಮೇ 10ರಂದು ಯುರೋಪಿಯನ್ ಒಕ್ಕೂಟ, ಅಮೆರಿಕ, ಬ್ರಿಟನ್ ಎಲ್ಲವೂ ಇದು ರಷ್ಯಾದ ಕೆಲಸ ಎಂದವು.

ಅದು ಅಮೆರಿಕ, ಯುರೋಪ್, ನಮಗೇನು ಅಂತ ಕೇಳಬೇಡಿ. 2022ರ ಏಪ್ರಿಲ್‌ನಲ್ಲಿ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಕಂಪನಿ, ಲಡಾಖ್ ಗಡಿಗೆ ಹತ್ತಿರದ ಉತ್ತರ ಭಾರತದ ಕನಿಷ್ಠ 7 ಲೋಡ್ ಡಿಸ್ಪ್ಯಾಚ್ ಕೇಂದ್ರಗಳನ್ನು, ಅಂದರೆ ಯಾವ ಕಡೆಗೆ ಎಷ್ಟು ಕರೆಂಟ್ ಅಂತ ನಿಯಂತ್ರಿಸುವ ಜಾಗಗಳನ್ನು, ಚೀನಾ ಬೆಂಬಲದ ಗುಂಪು ಗುರಿ ಮಾಡಿದೆ ಎಂದು ವರದಿ ಹಾಕಿತು. ಗಲ್ವಾನ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಆಗ ಇಂಧನ ಸಚಿವರಾಗಿದ್ದ ಆರ್.ಕೆ. ಸಿಂಗ್ ಅವರು ಲಡಾಖ್ ಬಳಿ ಎರಡು ಸಲ ಪ್ರಯತ್ನ ಆಗಿದ್ದು ನಿಜ, ಫಲಿಸಲಿಲ್ಲ ಎಂದರು. ಚೀನಾ ಅಲ್ಲಗಳೆಯಿತು. ಆ ವರದಿಯಲ್ಲಿ ನನ್ನ ಗಮನ ಸೆಳೆದದ್ದು ಬೇರೆ ವಿಷಯ. ದಾಳಿಕೋರರು ನಡುವೆ ಬಳಸಿಕೊಂಡಿದ್ದು ಇಂಟರ್ನೆಟ್‌ಗೆ ಸಿಕ್ಕಿಸಿದ್ದ ಯಾರದೋ ಸಿಸಿಟಿವಿ ಕ್ಯಾಮೆರಾ, ಅದರ ವಿಡಿಯೊ ರೆಕಾರ್ಡ್ ಮಾಡುವ ಡಿವಿಆರ್ ಡಬ್ಬಗಳನ್ನು. ನಿಮ್ಮ ಶಾಪ್ ಬಾಗಿಲ ಮೇಲೂ ಒಂದು ಇರಬೇಕಲ್ಲ?

ಅದಕ್ಕೂ ಹಿಂದಿನ ವರ್ಷ, 2021ರಲ್ಲಿ, ಇದೇ ಕಂಪನಿ ಕೊಟ್ಟ ಇನ್ನೊಂದು ಪಟ್ಟಿಯಲ್ಲಿ ದಕ್ಷಿಣ ಭಾರತದ ಗ್ರಿಡ್ ನೋಡಿಕೊಳ್ಳುವ ಕೇಂದ್ರ ಇತ್ತು. ಅದು ಇರುವುದು ಬೆಂಗಳೂರಿನಲ್ಲೇ. ವಿಜಯಪುರ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರವೂ ಇತ್ತು, 2,400 ಮೆಗಾವ್ಯಾಟ್‌ನದ್ದು. ಗ್ರಿಡ್ ಕೆಲಸಕ್ಕೆ ಏನೂ ಧಕ್ಕೆ ಆಗಿಲ್ಲ, ಎಚ್ಚರಿಕೆ ಬಂದಿತ್ತು, ಕ್ರಮ ತೆಗೆದುಕೊಂಡೆವು ಎಂದು ಇಂಧನ ಸಚಿವಾಲಯ ಹೇಳಿತು. 2020ರ ಅಕ್ಟೋಬರ್ 12ರಂದು ಮುಂಬೈ ಕತ್ತಲಾಗಿದ್ದಕ್ಕೂ ಇದಕ್ಕೂ ಗಂಟು ಹಾಕಿ ಆಗ ತುಂಬ ಸುದ್ದಿಯಾಯಿತು. ಮಹಾರಾಷ್ಟ್ರ ಸರ್ಕಾರ ಬುಡಮೇಲು ಕೃತ್ಯ ಎಂದಿತು, ಕೇಂದ್ರ ಸಚಿವರು ಮನುಷ್ಯರ ತಪ್ಪು ಎಂದರು. ಅದನ್ನು ನಾನು ಸೈಬರ್ ದಾಳಿ ಲೆಕ್ಕಕ್ಕೆ ಹಾಕಲ್ಲ.

ಇಲ್ಲಿಗೆ ನಿಮ್ಮ 'ಹೆದರಿಸಿ ಮಾಡುವ ವ್ಯಾಪಾರ' ಬಂತು. ಅರ್ಧ ಒಪ್ಪುತ್ತೇನೆ. ಮೇಲೆ ಹೇಳಿದ ಎಷ್ಟೋ ವಿಷಯ ಹೊರಗೆ ತಂದವರು ಸೆಕ್ಯುರಿಟಿ ಮಾರುವ ಕಂಪನಿಗಳೇ. ಗುಂಪಿಗೆ ಟೈಫೂನ್, ಪಾಂಡಾ, ಬೇರ್ ಅಂತ ಹೆಸರಿಡುವುದರಲ್ಲೇ ಒಂದು ಜಾಹೀರಾತು ಇದೆ. ಸರ್ಕಾರಗಳ ಮಾತಿಗೂ ರಾಜಕೀಯ ಅಂಟಿರುತ್ತೆ. ವೋಲ್ಟ್ ಟೈಫೂನ್ ಎನ್ನುವುದೇ ಅಮೆರಿಕ ಕಟ್ಟಿದ ಕಥೆ ಅಂತ ಚೀನಾ ವಾದಿಸಿದೆ. ಅಮೆರಿಕವೇನು ಸಾಚಾ ಅಲ್ಲ, ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳನ್ನು ಹಾಳು ಮಾಡಿದ, 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ವೈರಸ್ ಯಾರದ್ದು ಅಂತ ಜಗತ್ತಿಗೇ ಗೊತ್ತು, ಅವರು ಬಾಯಿಬಿಟ್ಟು ಒಪ್ಪಿಕೊಂಡಿಲ್ಲ ಅಷ್ಟೇ. ನಾನು ನೋಡುವುದು ಹೀಗೆ: ಕೋರ್ಟ್‌ನಲ್ಲಿ ಒಪ್ಪಿಕೊಂಡದ್ದಕ್ಕೆ ಒಂದು ತೂಕ, ಹಲವು ದೇಶ ಸೇರಿ ಹೇಳಿದ್ದಕ್ಕೆ ಇನ್ನೊಂದು, ಒಂದೇ ಕಂಪನಿಯ ವರದಿಗೆ ಮತ್ತೊಂದು. ಆದರೆ ಯಾರು ಬಂದರು ಅನ್ನೋದರ ಬಗ್ಗೆ ಎಷ್ಟೇ ಜಗಳ ಇರಲಿ, ಹೇಗೆ ಬಂದರು ಅನ್ನೋದರಲ್ಲಿ ಜಗಳ ಕಡಿಮೆ. ಹಳೇ ರೌಟರ್, ಅಡ್ಮಿನ್-ಅಡ್ಮಿನ್, ಹಾಕದ ಅಪ್‌ಡೇಟು, ಜಂಕ್‌ನಿಂದ ತೆಗೆದ ಮೇಲು. ಇವುಗಳಲ್ಲಿ ಯಾವುದನ್ನು ಸರಿಮಾಡೋಕೂ ದುಬಾರಿ ಸಾಫ್ಟ್‌ವೇರ್ ಬೇಡ.

ನಿಮ್ಮ ಫಾರಂ ಎಲ್ಲಿಂದ ಬಂತು ಅಂತಲೂ ಊಹಿಸಬಹುದು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಗುತ್ತಿಗೆದಾರರಿಗೆ ಸಿಎಂಎಂಸಿ ಎನ್ನುವ ಸೈಬರ್ ಸೆಕ್ಯುರಿಟಿ ನಿಯಮವನ್ನು 2025ರ ನವೆಂಬರ್ 10ರಿಂದ ಹಂತಹಂತವಾಗಿ ಗುತ್ತಿಗೆಗಳಲ್ಲಿ ಸೇರಿಸುತ್ತಿದೆ. ಅದರ ಹಿಂದಿರುವ ಪಟ್ಟಿಯಲ್ಲಿ 110 ಅಂಶಗಳಿವೆ, ಸೂಕ್ಷ್ಮ ಮಾಹಿತಿ ಕೆಳಗಿನ ಸಪ್ಲೈಯರ್‌ಗಳಿಗೆ ಹೋಗುವುದಿದ್ದರೆ ಮೇಲಿನವರು ಅವರಿಂದಲೂ ಅದನ್ನು ಕೇಳಬೇಕು. ಹಾಗೆ ಮೆಟ್ಟಿಲಿಳಿದು ಪೀಣ್ಯಕ್ಕೆ ಬಂದಿರುತ್ತೆ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ನೂರು ಪ್ರಶ್ನೆಯ ಫಾರಂ ನಾಲ್ಕು ಮಷಿನ್ ಇರುವವರ ಮೇಲೆ ಎಸೆದು ಕೈತೊಳೆದುಕೊಳ್ಳುವುದು ಸೆಕ್ಯುರಿಟಿ ಅಲ್ಲ, ನಾಳೆ ಏನಾದರೂ ಆದರೆ ತೋರಿಸೋಕೆ ಒಂದು ಪೇಪರ್. ಡ್ರಾಯಿಂಗ್ ಅವರದ್ದು, ಲಾಭದ ದೊಡ್ಡ ಪಾಲು ಅವರದ್ದು, ಖರ್ಚು ಮಾತ್ರ ನಿಮ್ಮದಾ?

ಆದರೂ ಸುಳ್ಳು ಟಿಕ್ ಬೇಡ. ಅಮೆರಿಕದ ಏರೋಜೆಟ್ ರಾಕೆಟ್‌ಡೈನ್ ಎಂಬ ದೊಡ್ಡ ಕಂಪನಿ, ಸೈಬರ್ ನಿಯಮ ಪಾಲಿಸುವ ಬಗ್ಗೆ ಸರ್ಕಾರಕ್ಕೆ ಸರಿಯಾಗಿ ಹೇಳಲಿಲ್ಲ ಎಂಬ ಕೇಸಿನಲ್ಲಿ 2022ರಲ್ಲಿ 90 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಕೇಸ್ ಹಾಕಿದ್ದು ಅವರಲ್ಲೇ ಸೈಬರ್ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದವರು. ನಿಮ್ಮ ಮೇಲೆ ಅಮೆರಿಕದ ಕೇಸ್ ಬರುತ್ತೆ ಅಂತ ಹೆದರಿಸುತ್ತಿಲ್ಲ. ಆದರೆ ಏನಾದರೂ ಎಡವಟ್ಟಾದ ದಿನ ಮೊದಲು ಹೊರಗೆ ತೆಗೆಯುವುದು ನೀವು ಸಹಿ ಮಾಡಿದ ಆ ಫಾರಂ.

ಇರುವುದಕ್ಕೆ ಹೌದು ಅನ್ನಿ, ಇಲ್ಲದ್ದಕ್ಕೆ ಇಲ್ಲ ಅನ್ನಿ, ಯಾವಾಗ ಆಗುತ್ತೆ ಅಂತ ಪಕ್ಕದಲ್ಲಿ ಬರೆಯಿರಿ. ಈ ವಾರ ಆಗುವ ಕೆಲಸ ಒಂದಷ್ಟಿವೆ. ರೌಟರ್ ಮತ್ತು ಡಿವಿಆರ್ ಪಾಸ್‌ವರ್ಡ್ ಬದಲಿಸಿ. ಮೊಬೈಲಿನಲ್ಲಿ ಕ್ಯಾಮೆರಾ ನೋಡಲೇಬೇಕು ಅಂತಿಲ್ಲದಿದ್ದರೆ ಡಿವಿಆರ್‌ನ ಇಂಟರ್ನೆಟ್ ವೈರ್ ಕಿತ್ತುಬಿಡಿ. ಅಕೌಂಟ್ಸ್‌ನವರು ಮನೆಯಿಂದ ಟ್ಯಾಲಿ ನೋಡೋಕೆ ಅಂತ ಎಂದೋ ಹಾಕಿದ ಎನಿಡೆಸ್ಕ್ ಇನ್ನೂ ಓಡುತ್ತಿದ್ದರೆ ತೆಗೆಯಿರಿ. ಮೇಲ್‌ಗೆ ಒಟಿಪಿ ಹಾಕಿಸಿ. ಡ್ರಾಯಿಂಗ್ ತೆರೆಯುವ ಕಂಪ್ಯೂಟರ್‌ನಲ್ಲಿ ಬೇರೆ ಏನೂ ಬೇಡ, ಮಷಿನ್‌ಗೆ ಪ್ರೋಗ್ರಾಂ ಹಾಕುವ ಪೆನ್ ಡ್ರೈವ್ ಅದೊಂದಕ್ಕೇ ಇರಲಿ, ಹುಡುಗರ ಹಾಡು-ಸಿನಿಮಾಕ್ಕೆ ಬೇರೆ. ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಫೋಟೊ ಕಳಿಸುವ ಅಭ್ಯಾಸ ಎರಡೂ ಕಡೆ ನಿಲ್ಲಬೇಕು, ಕಸ್ಟಮರ್ ಕಡೆಯ ಎಂಜಿನಿಯರೇ ಹಾಗೆ ಕಳಿಸ್ತಾರೆ ಅಂತ ನನಗೆ ಗೊತ್ತು.

ಇನ್ನೊಂದು, ನಿಮ್ಮ ಪ್ರೋಗ್ರಾಮರ್ ಹುಡುಗರಿಗೆ ಹೇಳಿಡಿ. ಉತ್ತರ ಕೊರಿಯಾದ ಲಾಜರಸ್ ಗುಂಪು ರಕ್ಷಣಾ, ವಿಮಾನ ಕಂಪನಿಗಳ ನೌಕರರಿಗೆ ಲಿಂಕ್ಡ್‌ಇನ್‌ನಲ್ಲಿ ಒಳ್ಳೆ ಸಂಬಳದ ಕೆಲಸದ ಆಸೆ ತೋರಿಸಿ ಫೈಲ್ ತೆರೆಸುವುದರಲ್ಲಿ ಪಳಗಿದೆ. ಸ್ಪೇನ್‌ನ ಒಂದು ವಿಮಾನ ಕಂಪನಿಯಲ್ಲಿ ಫೇಸ್‌ಬುಕ್ ನಡೆಸುವ ಮೆಟಾದ ರಿಕ್ರೂಟರ್ ಅಂತ ಹೇಳಿಕೊಂಡು ಬಂದು, ಕೋಡಿಂಗ್ ಟೆಸ್ಟ್ ಅಂತ ಕೊಟ್ಟ ಫೈಲಿನಲ್ಲೇ ವೈರಸ್ ಇಟ್ಟಿದ್ದರು. ಆಫರ್ ನೋಡಬೇಡಿ ಅಂತಲ್ಲ, ಆಫೀಸ್ ಕಂಪ್ಯೂಟರಿನಲ್ಲಿ ತೆರೆಯಬೇಡಿ ಅಂತ.

ಏನಾದರೂ ಆಯಿತು ಅಂತ ಅನುಮಾನ ಬಂದರೆ ಮುಚ್ಚಿಡಬೇಡಿ. ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್ 28ರ ಆದೇಶ ಇದೆ. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದ ವಿನಾಯಿತಿ ಅದೇ ವರ್ಷ ಸೆಪ್ಟೆಂಬರ್ 25ಕ್ಕೆ ಮುಗಿಯಿತು, ಈಗ ನಿಮಗೂ ಲಾಗು. ಜೊತೆಗೆ ಕಸ್ಟಮರ್‌ಗೂ ಫೋನ್ ಮಾಡಿ. ಆರ್ಡರ್ ಹೋಗುತ್ತೇನೋ ಅನ್ನೋ ಭಯ ಸಹಜ, ಆದರೆ ಅವರೇ ಕಂಡುಹಿಡಿದು ನಿಮಗೆ ಫೋನ್ ಮಾಡಿದರೆ ಖಂಡಿತಾ ಹೋಗುತ್ತೆ.

ಇನ್ನು ಖರ್ಚಿನ ಮಾತು. ಮುಂದಿನ ಪರ್ಚೇಸ್ ಆರ್ಡರ್‌ಗೆ ರೇಟ್ ಮಾತಾಡುವಾಗ, ಬೇರೆ ಕಂಪ್ಯೂಟರ್ ಇಡುವುದಕ್ಕೆ, ತಿಂಗಳಿಗೊಮ್ಮೆ ಬಂದು ನೋಡುವ ಹುಡುಗನಿಗೆ ಇಷ್ಟಾಗುತ್ತೆ ಅಂತ ಕೊಟೇಶನ್‌ನಲ್ಲೇ ಬರೆದು ಕೇಳಿ. ಪೀಣ್ಯದಲ್ಲಿ ಇದೇ ಫಾರಂ ಬಂದ ಇನ್ನೂ ನಾಲ್ಕಾರು ಶಾಪ್‌ನವರು ಇದ್ದೇ ಇರುತ್ತಾರೆ. ಅವರನ್ನೂ ಸೇರಿಸಿಕೊಂಡು ಕೇಳಿದರೆ ಕಸ್ಟಮರ್‌ಗೆ ಇಲ್ಲ ಅನ್ನೋದು ಕಷ್ಟ. ಏನಂದರು ಅಂತ ನಮಗೂ ಬರೆಯಿರಿ, ಹೆಸರಿಲ್ಲದೆಯೇ ಹಾಕುತ್ತೇವೆ.